ಹೊಂಗೆ ಎಣ್ಣೆ ಬೇರೆ, ಬಯೋಡೀಸೆಲ್ ಬೇರೆ

ಸಂಪಾದಕರೇ,

ನಮ್ಮ ಹಾಸನದ ಕಡೆ ಹಳೆ ಡೀಸೆಲ್ ಜೀಪ್, ಸುಮೋ ಇಟ್ಕೊಂಡಿರೋರು ಹೊಂಗೆ ಎಣ್ಣೆ ನೇರ ಟ್ಯಾಂಕಿಗೆ ಸುರಿಬಹುದು ಅನ್ಕೊಂಡಿದಾರೆ, ದಯವಿಟ್ಟು ಬೇಡ. ಗಾಣದ ಎಣ್ಣೆ ಡೀಸೆಲ್‌ಗಿಂತ ತುಂಬಾ ಮಂದ, ಪಂಪಿಗೆ ಭಾರ, ಎಂಜಿನ್‌ಗೆ ಇಂಧನ ಚಿಮ್ಮಿಸೋ ಇಂಜೆಕ್ಟರ್ ತುದೀಲಿ ಮಸಿ ಕಟ್ಟತ್ತೆ. ಅದನ್ನ ಮೆಥನಾಲ್, ಕಾಸ್ಟಿಕ್ ಸೋಡಾ ಸೇರ್ಸಿ ಬಿಸಿ ಮಾಡಿ, ಗ್ಲಿಸರಿನ್ ಬೇರ್ಪಡಿಸಿ, ತೊಳೆದು, ನೀರಿನಂಶ ಪೂರ್ತಿ ತೆಗೆದ ಮೇಲೇನೇ ಬಯೋಡೀಸೆಲ್ ಆಗೋದು.

ಹೋದ ವರ್ಷ ರಸ್ತೆ ಬದಿ ಶೆಡ್ ಒಂದ್ರಲ್ಲಿ ಬಯೋಡೀಸೆಲ್ ಅಂತ ಅಗ್ಗಕ್ಕೆ ಕೊಟ್ರು, ನಮ್ಮ ಹಳೆ ಜೀಪಿಗೆ ಫುಲ್ ಟ್ಯಾಂಕ್ ಹಾಕ್ಸಿದೆ, ಪಾಳ್ಯ ದಾಟೋಷ್ಟರಲ್ಲಿ ಗಾಡಿ ಕೆಮ್ಮಿ ಕೆಮ್ಮಿ ನಿಂತೇ ಹೋಯ್ತು, ಮೆಕ್ಯಾನಿಕ್ ಫಿಲ್ಟರ್ ಬಿಚ್ಚಿದ್ರೆ ಒಳಗೆ ಕಾಫಿ ಗಸಿ ಥರ ಕಪ್ಪು ಕೆಸರು, ರಬ್ಬರ್ ಪೈಪ್ ಬೇರೆ ಉಬ್ಬಿ ಮೆತ್ತಗಾಗಿತ್ತು. ಒಳ್ಳೆ ಬಯೋಡೀಸೆಲ್ಲೇ ಆದ್ರೂ ಹಳೆ ಟ್ಯಾಂಕಿನ ಕೊಳೆ ಎಬ್ಬಿಸತ್ತೆ, ಅದಕ್ಕೆ ಮೊದಲು ಸ್ವಲ್ಪ ಸ್ವಲ್ಪ ಡೀಸೆಲ್ ಜೊತೆ ಬೆರೆಸಿ ಹಾಕ್ಬೇಕು, ಫಿಲ್ಟರ್ ಬೇಗ ಬದಲಾಯಿಸ್ಬೇಕು.

ಆದ್ರೂ ಬಯೋಡೀಸೆಲ್ ಮೇಲೆ ನಂಬಿಕೆ ಹೋಗಿಲ್ಲ ನನಗೆ. 2018ರ ರಾಷ್ಟ್ರೀಯ ಜೈವಿಕ ಇಂಧನ ನೀತೀಲಿ 2030ಕ್ಕೆ ಡೀಸೆಲ್‌ಗೆ ಶೇ 5ರಷ್ಟು ಬಯೋಡೀಸೆಲ್ ಬೆರೆಸೋ ಗುರಿ ಇದೆ, ನಮ್ಮ ಬದುಗಳಲ್ಲಿ ಹೊಂಗೆ ಬೀಜ ಉದುರಿ ಹಾಳಾಗ್ತಿದೆ. ಬಯೋಡೀಸೆಲ್‌ಗೆ ಐಎಸ್ 15607 ಅನ್ನೋ ಭಾರತೀಯ ಗುಣಮಟ್ಟದ ಮಾನದಂಡಾನೂ ಇದೆ. ಅಧಿಕಾರಿಗಳು ಇಂಥ ಶೆಡ್‌ಗಳಿಂದ ಸ್ಯಾಂಪಲ್ ತೆಗೆದು ಆ ಪ್ರಕಾರ ಟೆಸ್ಟ್ ಮಾಡಿಸ್ಲಿ, ಹಾಸನ ಹತ್ರದ ಮಡೆನೂರಿನ ಬಯೋಫ್ಯೂಯೆಲ್ (ಜೈವಿಕ ಇಂಧನ) ಪಾರ್ಕಲ್ಲಿ ಹಳೆ ಗಾಡಿಯವರಿಗೆ, ಮೆಕ್ಯಾನಿಕ್‌ಗಳಿಗೆ ಒಂದು ದಿನದ ತರಬೇತಿ ಇಡ್ಲಿ.

– ಓದುಗ, ಸಕಲೇಶಪುರ