ಅವ್ವನ ಸೀರೆಗಳ ಕೌದಿ ಮುಗಿಯಿತು, ನಿಮಗೆಲ್ಲ ನಮಸ್ಕಾರ

ನಿನ್ನೆ ಸಂಜೆ ಕೌದಿಯ ಕೊನೆಯ ಹೊಲಿಗೆ ಹಾಕಿ ದಾರ ಕತ್ತರಿಸಿದೆವು. ಅವ್ವನ ವರ್ಷದ ಕಾರ್ಯ ಕಳೆದ ವಾರವೇ ಆಯಿತು. ಒಬ್ಬೊಬ್ಬರಿಗೂ ಫೋನ್ ಮಾಡಿ ಹೇಳೋಣ ಅಂದುಕೊಂಡಿದ್ದೆ, ಆದರೆ ಮಾತು ಶುರುವಾದರೆ ಗಂಟಲು ಕಟ್ಟುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಅವ್ವ ಹೋದ ಮೇಲೆ ಅವಳ ಟ್ರಂಕ್ ತೆಗೆಯಲು ನನಗೆ ಧೈರ್ಯವೇ ಬರಲಿಲ್ಲ. ಸೀರೆಗಳನ್ನು ಯಾರಿಗಾದರೂ ಕೊಟ್ಟುಬಿಡು, ಕಣ್ಣೆದುರಿಗಿದ್ದರೆ ನೆನಪು ಜಾಸ್ತಿ ಅಂತ ಸುಮಾರು ಜನ ಹೇಳಿದರು. ಒಳ್ಳೆ ಮನಸ್ಸಿನಿಂದಲೇ ಹೇಳಿದರು. ಪಕ್ಕದ ಮನೆ ಕಾಕು ಮಾತ್ರ "ಕೊಡೂದು ಬ್ಯಾಡವಾ, ಕೌದಿ ಹೊಲಿಯೂಣು, ನಾ ಬರ್ತೀನಿ" ಅಂದರು. ಮರುದಿನ ಮಧ್ಯಾಹ್ನ ಊಟ ಮುಗಿಸಿ, ಉದ್ದನೆಯ ಸೂಜಿ, ಬಿಳಿ ದಾರ ಹಿಡಿದುಕೊಂಡು ಬಂದೇಬಿಟ್ಟರು. ಕಾಕು, ನೀವು ಬರದೇ ಇದ್ದಿದ್ದರೆ ಆ ಟ್ರಂಕ್ ಇವತ್ತಿಗೂ ಮುಚ್ಚಿಯೇ ಇರುತ್ತಿತ್ತು.

ಧಾರವಾಡದ ಕಡೆಯವರಿಗೆ ಕೌದಿ ಅಂದರೆ ಏನೆಂದು ಹೇಳಬೇಕಿಲ್ಲ. ಬೇರೆ ಕಡೆಯ ಗೆಳೆಯರಿಗಾಗಿ ಹೇಳುತ್ತೇನೆ: ಹಳೆಯ ಸೀರೆ, ಧೋತರಗಳನ್ನು ಪದರ ಪದರವಾಗಿ ಹಾಸಿ, ಮೇಲೆ ಬಣ್ಣದ ತುಂಡುಗಳನ್ನು ಜೋಡಿಸಿ, ಸಾಲು ಸಾಲಾಗಿ ಕೈಯಿಂದ ಹೊಲಿಯುವ ಹೊದಿಕೆ. ಉಟ್ಟು ಉಟ್ಟು ಮೆತ್ತಗಾದ ಹತ್ತಿ ಬಟ್ಟೆಯೇ ಆಗಬೇಕು, ಹೊಸ ಬಟ್ಟೆಯಾದರೆ ಅಷ್ಟು ಪದರದೊಳಗೆ ಸೂಜಿ ಇಳಿಯುವುದೇ ಕಷ್ಟ. ಅವ್ವ ದಿನಾ ಉಡುತ್ತಿದ್ದ ಸೀರೆಗಳು ಒಳಪದರಕ್ಕೆ ಹೋದವು. ಒಳ್ಳೆಯ ಇಳಕಲ್ ಸೀರೆಗೆ ಕತ್ತರಿ ಹಾಕಲು ಯಾರಿಗೂ ಮನಸ್ಸಾಗಲಿಲ್ಲ, ಅದು ಹಾಗೇ ಇದೆ. ಅವಳ ಗುಳೇದಗುಡ್ಡ ಖಣದ ಕುಪ್ಪಸಗಳನ್ನು ಬಿಚ್ಚಿ, ತ್ರಿಕೋನ ಮಾಡಿ ಮೇಲೆ ಜೋಡಿಸಿದೆವು.

ಒಂದು ಹಸಿರು ಸೀರೆಯಲ್ಲಿ ಒಲೆಯ ಕಿಡಿ ಸಿಡಿದು ತೂತಾಗಿತ್ತು. ಅವ್ವ ಅದಕ್ಕೆ ಒಳಗಿನಿಂದ ತುಂಡು ಕೊಟ್ಟು ಎಷ್ಟು ಸಣ್ಣಗೆ ಹೊಲಿದಿದ್ದಳು ಅಂದರೆ ಬೆರಳಾಡಿಸಿದರಷ್ಟೇ ಗೊತ್ತಾಗುತ್ತದೆ. ಆ ಭಾಗ ಕತ್ತರಿಸಿ ತೆಗೆಯೋಣ ಅಂದಾಗ ದೊಡ್ಡವ್ವ ಬಿಡಲಿಲ್ಲ, "ಅದು ಆಕಿ ಕೈ ಅದ, ನಡೂಕ ಹಚ್ಚು" ಅಂದಳು. ಈಗ ಅದು ಕೌದಿಯ ನಡುಮಧ್ಯದಲ್ಲಿದೆ. ದೊಡ್ಡವ್ವ, ನಿನ್ನ ಆ ಮಾತಿಗೆ ನಾನು ಋಣಿ.

ಹೊಲಿಯುವಾಗ ಎಲ್ಲರ ಕಣ್ಣೂ ಸೂಜಿಯ ಮೇಲೇ ಇರುತ್ತದೆ, ಅಲ್ವಾ? ಹಾಗಾಗಿ ಅಳು ಬಂದರೆ ಸುಮ್ನೆ ಅಳಬಹುದಿತ್ತು. ಯಾರೂ ಸಮಾಧಾನ ಮಾಡಲು ಬರುತ್ತಿರಲಿಲ್ಲ, ತಮ್ಮ ಸಾಲು ತಾವು ಹೊಲಿಯುತ್ತಿದ್ದರು. ನನಗೆ ಬೇಕಾಗಿದ್ದುದು ಅದೇ. ಆಮೇಲೆ ಒಬ್ಬೊಬ್ಬರಿಗೆ ಒಂದೊಂದು ಸೀರೆಯ ಗುರುತು ಹತ್ತಿ ಮಾತು ಶುರುವಾಗುತ್ತಿತ್ತು. ಇದನ್ನುಟ್ಟು ಎಲ್ಲಮ್ಮನ ಗುಡ್ಡಕ್ಕೆ ಬಂದಿದ್ದಳು, ದಾರಿಯುದ್ದಕ್ಕೂ ಹಾಡಿದಳು ಅಂತ ಒಬ್ಬರು. ಅವ್ವ ಹಾಡುತ್ತಿದ್ದಳೆಂದು ನನಗೆ ಗೊತ್ತೇ ಇರಲಿಲ್ಲ! ಅವಳು ಇದ್ದಾಗ ಕೇಳದ ಎಷ್ಟೋ ವಿಷಯ ಆ ಮಧ್ಯಾಹ್ನಗಳಲ್ಲಿ ನಿಮ್ಮ ಬಾಯಿಂದ ಕೇಳಿದೆ. ಅದಕ್ಕೆ ಹೇಗೆ ಥ್ಯಾಂಕ್ಸ್ ಹೇಳಲಿ?

ಹಳಿಯಾಳದ ಗೆಳತಿಗೆ ಬೇರೆಯಾಗಿಯೇ ಹೇಳಬೇಕು. ಅವಳು ಸಿದ್ದಿ ಸಮುದಾಯದವಳು, ಆಫ್ರಿಕಾ ಮೂಲದವರು. ಅವರ ಹೆಣ್ಣುಮಕ್ಕಳು ಹೊಲಿಯುವ ಕವಂದಿ, ಅಂದರೆ ಅವರ ಕೌದಿ, ನೋಡಿದ್ದೀರಾ? ಅಂಚಿನಿಂದ ಶುರು ಮಾಡಿ ಸುತ್ತುತ್ತ ನಡುವಿಗೆ ಬರುತ್ತಾರೆ. ನಾಲ್ಕೂ ಮೂಲೆಗೆ ಬಟ್ಟೆ ಮಡಚಿ ಮಾಡಿದ ಹೂವು ಕೂರಿಸುತ್ತಾರೆ, ಅದಿಲ್ಲದೆ ಕವಂದಿ ಪೂರ್ತಿ ಆಗುವುದಿಲ್ಲ. ಈ ಗೆಳತಿ ಬಸ್ಸು ಹಿಡಿದು ಬಂದು, ಉಗುರಿನಿಂದ ಮಡಿಕೆ ಒತ್ತಿ ಒತ್ತಿ, ನಮ್ಮ ಕೌದಿಗೂ ನಾಲ್ಕು ಹೂವು ಮಾಡಿಕೊಟ್ಟಳು. ಅವಳೂ ಅವ್ವನನ್ನು ಕಳೆದುಕೊಂಡವಳು. ಅದರ ಬಗ್ಗೆ ಇಬ್ಬರೂ ಒಂದು ಮಾತೂ ಆಡಲಿಲ್ಲ.

ಅಣ್ಣ, ನೀನು ಸೂಜಿಗೆ ದಾರ ಪೋಣಿಸಿ ಕೊಡುತ್ತ ಕೂತಿದ್ದೆಯಲ್ಲ, ಮರೆಯುವುದಿಲ್ಲ. ವೈನಿ, ಅಷ್ಟೂ ಮಂದಿಗೆ ಚಹಾ, ಚುರಮುರಿ ಮಾಡಿದ್ದಕ್ಕೆ ನಿನಗೂ ಥ್ಯಾಂಕ್ಸ್. ನನ್ನ ಪಾಲಿನ ಕೆಲಸ ತಾವೇ ಮಾಡಿಕೊಂಡ ಆಫೀಸಿನ ಗೆಳತಿಯರಿಗೂ.

ದುಃಖ ಹೋಗಿಲ್ಲ. ಆದರೆ ಈಗ ರಾತ್ರಿ ನಿದ್ದೆ ಬರುತ್ತಿದೆ, ಊಟ ರುಚಿಸುತ್ತಿದೆ, ಅವ್ವನ ಹೆಸರು ಬಂದರೆ ಎದ್ದು ಒಳಗೆ ಹೋಗುವುದಿಲ್ಲ.

ಕಾಕು ತಮ್ಮ ಯಜಮಾನರ ಧೋತರಗಳನ್ನು ಇನ್ನೂ ಗಂಟು ಕಟ್ಟಿಯೇ ಇಟ್ಟಿದ್ದಾರೆ ಅಂತ ಮೊನ್ನೆ ತಿಳಿಯಿತು. ಕಾಕು, ನಿಮ್ಮ ಮನಸ್ಸು ಗಟ್ಟಿಯಾದ ದಿನ ಕರೆಯಿರಿ. ಸೂಜಿ, ದಾರ ನಾನೇ ತರುತ್ತೇನೆ.