ಎಂಡಿಎಸ್ ಸೀಟು ಸಿಕ್ಕಿತು, ಈಗ ಥ್ಯಾಂಕ್ಸ್ ಹೇಳುವ ಸರದಿ

ಬಿಡಿಎಸ್, ಅಂದರೆ ದಂತವೈದ್ಯ ಪದವಿ, ಆದ ಮೇಲಿನ ಸ್ನಾತಕೋತ್ತರ ಕೋರ್ಸೇ ಎಂಡಿಎಸ್. ಅದರ ಸೀಟು ಹಂಚುವ ಕೌನ್ಸೆಲಿಂಗ್ ಮುಗಿಯಿತು. ಪೀಡೋ ಸಿಕ್ಕಿದೆ, ಅಂದರೆ ಮಕ್ಕಳ ಹಲ್ಲಿನ ವಿಭಾಗ. ಬಯಸಿದ್ದೂ ಅದನ್ನೇ. ಒಬ್ಬಳೇ ಕೂತು ಓದಿ ಗಳಿಸಿದ ಸೀಟಲ್ಲ ಇದು, ಅದಕ್ಕೇ ಈ ಬರಹ.

ಇದರ ಪ್ರವೇಶ ಪರೀಕ್ಷೆ ನೀಟ್ ಎಂಡಿಎಸ್ ಅಂದರೆ 3 ಗಂಟೆ, 240 ಪ್ರಶ್ನೆ. ಸರಿ ಉತ್ತರಕ್ಕೆ 4 ಅಂಕ, ತಪ್ಪಾದರೆ 1 ಅಂಕ ಕಟ್. ಬಿಡಿಎಸ್‌ನಲ್ಲಿ ಓದಿದ್ದೆಲ್ಲ, ಅನಾಟಮಿಯಿಂದ ಹಿಡಿದು ಕಟ್ಟು ಹಲ್ಲಿನ ಪ್ರಾಸ್ಥೋವರೆಗೆ, ಒಂದೇ ದಿನ ಎದುರು ಬಂದು ನಿಲ್ಲುತ್ತದೆ. ರಕ್ತ ಹೆಪ್ಪುಗಟ್ಟದಂತೆ ಕೊಡುವ ಔಷಧಿ ಜಾಸ್ತಿಯಾದರೆ ಅದಕ್ಕೆ ಪ್ರತಿಮದ್ದು ಯಾವುದು? ವಾರ್ಫರಿನ್‌ಗೆ ವಿಟಮಿನ್ ಕೆ, ಹೆಪಾರಿನ್‌ಗೆ ಪ್ರೋಟಮಿನ್. ಸಲೀಸು ಅಲ್ವಾ? ಇಂಥದ್ದು ಸಾವಿರ ಸೇರಿದಾಗ ಒಂದರ ಜಾಗಕ್ಕೆ ಇನ್ನೊಂದು ಹೋಗಿ ಕೂರುತ್ತದೆ.

ಮೊದಲ ಥ್ಯಾಂಕ್ಸ್ ಅಮ್ಮನಿಗೆ. ಅಮ್ಮನಿಗೆ ಇಂಗ್ಲಿಷ್ ಓದಲು ಬರುವುದಿಲ್ಲ. ಹಾಗಾಗಿ ರಿವಿಷನ್ ಕಾರ್ಡುಗಳನ್ನು ಕನ್ನಡ ಲಿಪಿಯಲ್ಲೇ ಬರೆದೆ. ಹುರುಳಿಕಾಯಿ ಸೋಸುತ್ತಾ ಒಂದೊಂದೇ ಕಾರ್ಡು ಎತ್ತಿ ಕೇಳುತ್ತಿದ್ದಳು. ತಲೆಬುರುಡೆಯಲ್ಲಿ ನರ, ರಕ್ತನಾಳ ಹಾಯುವ ತೂತುಗಳ ಸರದಿ ಬಂದರೆ, "ಫೊರಾಮೆನ್ ಓವೇಲ್ ಒಳಗೆ ಏನೇನು ಹೋಗುತ್ತೆ?" ಮ್ಯಾಂಡಿಬುಲರ್ ನರ್ವ್, ಲೆಸ್ಸರ್ ಪೆಟ್ರೋಸಲ್ ನರ್ವ್, ಎಮಿಸರಿ ವೇನ್, ಮಿಡಲ್ ಮೆನಿಂಜಿಯಲ್ ಆರ್ಟರಿ ಅಂತ ನಾನು ಒದರಿದರೆ, "ಮಿಡಲ್ಲು ಸ್ಪೈನೋಸಮ್‌ದು ಕಣೇ, ಆಗ್ಲೇ ಬಂತಲ್ಲ ಆ ಕಾರ್ಡು. ಇಲ್ಲಿ ಆಕ್ಸೆಸರಿ" ಅನ್ನುತ್ತಿದ್ದಳು. ತಲೆಬುರುಡೆಯ ಅಷ್ಟೂ ತೂತುಗಳು ಈಗ ಅವಳ ಬಾಯಲ್ಲಿವೆ.

ಸಂಜೆ ಹೊತ್ತು ಕೆಲಸಕ್ಕೆ ಹೋಗುತ್ತಿದ್ದ ಕ್ಲಿನಿಕ್‌ನ ಸರ್‌ಗೆ ನನ್ನ ನಮಸ್ಕಾರ. ಪರೀಕ್ಷೆ ಹತ್ತಿರ ಬಂದಾಗ ಬೇಗ ಬಿಟ್ಟರು, ಸಂಬಳ ಹಿಡಿಯಲಿಲ್ಲ. ಅದಕ್ಕಿಂತ ಜಾಸ್ತಿ ನೆನಪಿರುವುದು ಒಬ್ಬ ಆಟೋ ಡ್ರೈವರ್ ಬಂದ ದಿನ. ಗುಟ್ಕಾ ಹಾಕಿ ಹಾಕಿ ಬಾಯಿ ಎರಡು ಬೆರಳಷ್ಟೂ ತೆರೆಯುತ್ತಿರಲಿಲ್ಲ. "ಕೆನ್ನೆ ಒಳಗೆ ಬೆರಳಾಡಿಸಿ ನೋಡಮ್ಮ" ಅಂದರು ಸರ್. ಮೆತ್ತಗಿರಬೇಕಾದ ಜಾಗದಲ್ಲಿ ಮೇಲಿಂದ ಕೆಳಗೆ ಗಟ್ಟಿ ಪಟ್ಟಿಗಳು, ಬಿಳಿಚಿದ ಚರ್ಮ. ಸಬ್‌ಮ್ಯೂಕಸ್ ಫೈಬ್ರೋಸಿಸ್. ಅಡಿಕೆಯ ಅರಿಕೋಲಿನ್ ಕೊಲಾಜನ್ ಎಂಬ ನಾರಿನಂಥ ಪ್ರೋಟೀನ್ ಹೆಚ್ಚಿಸುತ್ತದೆ, ಇದು ಮುಂದೆ ಕ್ಯಾನ್ಸರ್‌ಗೂ ತಿರುಗಬಹುದು ಅನ್ನೋದನ್ನು ಆಮೇಲೆ ಯಾವ ಕಾರ್ಡಿನಲ್ಲೂ ನೋಡಬೇಕಾಗಲಿಲ್ಲ. "ನನ್ ಬಾಯಿಂದ ಪಾಠ ಆಗೋದಾದ್ರೆ ನೋಡ್ಕೊಳ್ಳಿ ಮೇಡಂ" ಅಂದರು ಆ ಅಣ್ಣ. ಅವರಿಗೂ ಥ್ಯಾಂಕ್ಸ್. ಗುಟ್ಕಾ ಬಿಟ್ಟಿದ್ದೀರಿ ತಾನೇ?

ಪಾವಗಡದ ನನ್ನ ರೂಮ್‌ಮೇಟ್ ಬಗ್ಗೆ ಬರೆಯದಿದ್ದರೆ ಜಗಳ ಗ್ಯಾರಂಟಿ. ಕುಡಿಯುವ ನೀರಿನಲ್ಲಿ ಫ್ಲೋರೈಡ್ 1 ಪಿಪಿಎಂ (ಲೀಟರಿಗೆ 1 ಮಿಲಿಗ್ರಾಂ) ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1.5ರವರೆಗೆ ಅಂತ ನಾನು ಗಟ್ಟು ಹೊಡೆಯುತ್ತಿದ್ದೆ. ಅವಳು ತುಟಿ ಎತ್ತಿ, "ಡೀನ್ ಇಂಡೆಕ್ಸ್‌ನಲ್ಲಿ ನಂದು ಯಾವ್ದು ಹೇಳು" ಅಂತ ಕೇಳಿದಳು. ಫ್ಲೋರೈಡ್‌ನಿಂದ ಹಲ್ಲು ಎಷ್ಟು ಕೆಟ್ಟಿದೆ ಅಂತ ಅಳೆಯುವ ಪಟ್ಟಿ ಅದು. ಎಲ್ಲ ಹಲ್ಲಿಗೂ ಕಂದು ಕಲೆ, ಗುಳಿ ಬಿದ್ದಿಲ್ಲ. ಮಾಡರೇಟ್ ಅಂದೆ. "ಪಾಸು" ಅಂತ ನಕ್ಕಳು. ಅವಳು ಪಬ್ಲಿಕ್ ಹೆಲ್ತ್ ಡೆಂಟಿಸ್ಟ್ರಿಯನ್ನೇ ಮೊದಲ ಆಯ್ಕೆಯಾಗಿ ತಗೊಂಡಿದ್ದಾಳೆ. ಆ ಬ್ರಾಂಚ್ ಕಂಡು ಮೂಗು ಮುರಿಯುವವರು ಒಂದು ವರ್ಷ ಅವಳ ಊರಿನ ಬೋರ್‌ವೆಲ್ ನೀರು ಕುಡಿದು ನೋಡಲಿ.

ಪಿಜಿ ಆಂಟಿಗೆ, ರಾತ್ರಿ ಟೀ ಇಟ್ಟುಕೊಟ್ಟಿದ್ದಕ್ಕೆ. ಪಕ್ಕದ ಮನೆಯ ಪುಟ್ಟಿಗೆ, ಆರನೇ ವರ್ಷಕ್ಕೆ ಬರುವ ದವಡೆ ಹಲ್ಲು ಹೇಗೆ ಇಣುಕುತ್ತದೆ ಅಂತ ಬಾಯಿ ತೆರೆದು ತೋರಿಸಿದ್ದಕ್ಕೆ. ಅದಕ್ಕೆ ಕೊಟ್ಟ ಲಂಚ ಚಾಕೊಲೇಟ್, ಪೀಡೋದವರು ಯಾರಿಗೂ ಹೇಳಬೇಡಿ. ಟಾಪರ್‌ಗಳ ಟೈಮ್‌ಟೇಬಲ್‌ಗಳಿಗೆ ಮಾತ್ರ ಥ್ಯಾಂಕ್ಸ್ ಇಲ್ಲ. ಸುಮ್ನೆ ಹೊಟ್ಟೆ ಉರಿಸಿದವು.

ಕಾರ್ಡುಗಳು ಒಂದು ಶೂ ಡಬ್ಬದ ತುಂಬಾ ಇವೆ. ಮುಂದಿನ ಸಲ ಬರೆಯುವ ಜೂನಿಯರ್‌ಗಳು ಯಾರಾದರೂ ಬೇಕಾದರೆ ಕೇಳಿ, ಕೊಡುತ್ತೇನೆ. ಫಾರ್ಮಕಾಲಜಿ ಕಾರ್ಡುಗಳ ಮೇಲೆ ಹುಳಿಯ ಕಲೆ ಇದೆ, ಆದರೆ ಓದಲು ಬರುತ್ತದೆ.