ಮಗಳಿಗೊಂದು ಪತ್ರ: ಕೊಡ ತುಂಬುವ ತನಕ

ಕಲಬುರಗಿ

ಮಗಳೇ,

ಹೋದ ತಿಂಗಳು ಫೋನಿನಲ್ಲಿ "ಅಪ್ಪಾ, ಬರಿಯೋದು ನಡದದ ಇಲ್ಲೋ?" ಅಂತ ಕೇಳಿದ್ದೆ. ನಾನು "ಹೂಂ, ನಡದದ" ಅಂದೆ. ಅದು ಸುಳ್ಳು. ಮನೆ ಬದಲಿಸಿ ಆಗಲೇ ಎರಡು ತಿಂಗಳಾಗಿತ್ತು. ಬರೆದದ್ದು ನಾಲ್ಕೇ ಪುಟ. ಅದರಲ್ಲಿ ಒಂದು ಕಿರಾಣಿ ಸಾಮಾನಿನ ಪಟ್ಟಿ.

ನೀನು ಕೊಡಿಸಿದ ಮೇಜಿನ ತಪ್ಪಲ್ಲ, ಅದು ಚೆನ್ನಾಗಿಯೇ ಇದೆ. ಕಿಟಕಿ ಪಕ್ಕ ಹಾಕಿಸಿದೆ, ದೀಪ ಇಟ್ಟೆ, ಹೊಸ ನೋಟ್‌ಬುಕ್ ತಂದೆ. ಬೆಳಿಗ್ಗೆ ಐದಕ್ಕೆ ಎದ್ದು ಕೂತೆ. ಪೆನ್ನಿನ ಕ್ಯಾಪ್ ತೆಗೆದೆ, ಹಾಕಿದೆ. ಹೊರಗೆ ನಾಯಿ ಸಹ ಬೊಗಳಲಿಲ್ಲ. ರಿಂಗ್ ರೋಡಿನ ಆಚೆಯ ಲೇಔಟಿನಲ್ಲಿ ಮುಂಜಾನೆ ಎಷ್ಟು ಸುಮ್ನೆ ಇರುತ್ತದೆ ಗೊತ್ತಾ? ಅಂಥ ಹೊತ್ತಿನಲ್ಲಿ ಬರೆಯೋದು ಸುಲಭ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ನನಗೆ ಒಂದು ಸಾಲೂ ಬರಲಿಲ್ಲ.

ಮೊದಲು ಸೆಕೆಯನ್ನು ಬೈದೆ. ನಾವು ಬಂದದ್ದೇ ಏಪ್ರಿಲ್‌ನಲ್ಲಿ. ಮೇ ತಿಂಗಳಲ್ಲಿ 43 ಡಿಗ್ರಿ ಬಿಸಿಲು ಕುಡಿದ ಸ್ಲ್ಯಾಬು ಬೆಳಗಿನ ಜಾವದ ತನಕ ಅದನ್ನೇ ಕಕ್ಕುತ್ತದೆ. ಬ್ರಹ್ಮಪುರದ ಹಳೆ ಮನೆಯಲ್ಲಿ ಶಹಾಬಾದ್ ಫರ್ಸಿ ಕಲ್ಲಿನ ನೆಲದ ಮೇಲೆ ಬರಿಗಾಲಿಟ್ಟರೆ ಸಾಕಿತ್ತು, ತಲೆ ತಣ್ಣಗಾಗುತ್ತಿತ್ತು. ತಮಾಷೆ ನೋಡು, ನಮ್ಮ ಕಡೆಯ ಅದೇ ಸುಣ್ಣದ ಕಲ್ಲನ್ನೇ ವಾಡಿಯಲ್ಲಿ, ಸೇಡಂನಲ್ಲಿ ಅರೆದು ಸುಟ್ಟು ಸಿಮೆಂಟ್ ಮಾಡುತ್ತಾರೆ. ಕಾಲಡಿಗೆ ಇದ್ದರೆ ತಂಪು, ತಲೆ ಮೇಲೆ ಹೋದರೆ ಕಾವಲಿ! ಮಾಳಿಗೆ ಮೇಲೆ ಹೋಗಿ ಕೂತು ನೋಡಿದೆ. ಗಾಳಿ ಇತ್ತು, ಬರಹ ಇರಲಿಲ್ಲ. ಜೂನ್‌ನಲ್ಲಿ ಮಳೆ ಬಂದು ತಂಪಾದ ಮೇಲೂ ಅದೇ ಕಥೆ. ಆಗ ಸೆಕೆಯ ನೆಪ ಹೋಯಿತು.

ಕಾರಣ ಗೊತ್ತಾದದ್ದು ನಿಮ್ಮವ್ವನಿಂದ. ಒಂದು ದಿನ ಆಕೆ, "ಇಲ್ಲಿ ಏನ್ ಆರಾಮ ಅದ ನೋಡ್ರಿ, ನೀರಿನ ಸಲುವಾಗಿ ಕಾಯೋದೇ ಇಲ್ಲ" ಅಂದಳು. ನನಗೆ ಚುರುಕ್ ಅಂತು.

ಹಳೆ ಮನೆಯಲ್ಲಿ ನಲ್ಲಿ ನೀರು ನಾಲ್ಕೈದು ದಿನಕ್ಕೊಮ್ಮೆ ಬರುತ್ತಿತ್ತು, ಯಾವ ದಿನ ಅಂತ ಹೇಳಲಿಕ್ಕೆ ಬರುತ್ತಿರಲಿಲ್ಲ. ಹಾಗಾಗಿ ದಿನಾ ಐದಕ್ಕೆ ಏಳಲೇಬೇಕು. ಪಡಸಾಲೆಯಲ್ಲಿ ಕೂತು ಕಿವಿ ನಲ್ಲಿಯ ಕಡೆ ಇಡಬೇಕು. ಸರಡಗಿಯಿಂದ ಭೀಮಾ ನದಿಯ ನೀರು ಬಂದು ಮುಟ್ಟೋ ಮೊದಲು ಪೈಪಿನಲ್ಲಿ ಗಾಳಿ ಬರುತ್ತಿತ್ತು, ಸುಂಯ್ ಅಂತ. ಆ ಸುಂಯ್‌ಗೆ ಕಾಯುತ್ತಾ ಸುಮ್ಮನೆ ಕೂಡಲಾರದೆ ಬರೆಯಲು ಹಿಡಿದವನು ನಾನು. ದಾಲ್ ಮಿಲ್ಲಿನ ಲೆಕ್ಕದ ಪುಸ್ತಕ ಬರೆದ ಕೈ ಅಲ್ವಾ, ಖಾಲಿ ಇರೋದಿಲ್ಲ. ನೆಹರು ಗಂಜ್ ಮಾರುಕಟ್ಟೆಯ ಹಮಾಲರ ಮಾತು, ತೊಗರಿಯ ಧಾರಣಿ ಏರಿದ್ದು ಇಳಿದದ್ದು, ಹರಾಜಿನ ಸವಾಲಿನಲ್ಲಿ ನಡೆದ ಜಗಳ. 2019ರಲ್ಲಿ ಕಲಬುರಗಿ ತೊಗರಿ ಬೇಳೆಗೆ ಜಿಐ ಟ್ಯಾಗ್, ಅಂದರೆ ಊರಿನ ಹೆಸರಿನ ಗುರುತು, ಸಿಕ್ಕಾಗ ಮೂರು ಪುಟ ಆಗಿತ್ತು. ಇಷ್ಟು ವರ್ಷ ನನ್ನದು ದೊಡ್ಡ ಶಿಸ್ತು ಅಂತ ನೆಂಟರ ಮುಂದೆಲ್ಲ ಹೇಳಿಕೊಂಡು ಬಂದೆ. ಶಿಸ್ತು ನಲ್ಲಿಯದ್ದಾಗಿತ್ತು.

ಇಲ್ಲಿ ಬೋರ್‌ವೆಲ್, ಸಂಪು, ತಾನೇ ಆನ್ ಆಗುವ ಮೋಟರು. ಕಾಯುವ ಕೆಲಸವೇ ಹೋಯಿತು. ಬರೆಯಲಿಕ್ಕೆ ಅಂತಲೇ ಕೂತರೆ ಪುಟ ನನ್ನನ್ನೇ ನೋಡುತ್ತದೆ, ಸಾಲ ಕೊಟ್ಟವನು ನೋಡಿದ ಹಾಗೆ.

ಅದಕ್ಕೇ ಒಂದು ಉಪಾಯ ಮಾಡಿದೆ. ನಗಬೇಡ. ಹಿತ್ತಲ ನಲ್ಲಿಯ ಕೆಳಗೆ ನಿಮ್ಮವ್ವನ ತಾಮ್ರದ ಕೊಡ ಇಡುತ್ತೇನೆ. ನಲ್ಲಿಯನ್ನು ದಾರದಷ್ಟು ಸಣ್ಣಗೆ ಬಿಡುತ್ತೇನೆ. ಪಕ್ಕದಲ್ಲಿ ಕುರ್ಚಿ, ತೊಡೆಯ ಮೇಲೆ ರಟ್ಟು, ರಟ್ಟಿನ ಮೇಲೆ ನೋಟ್‌ಬುಕ್. ಕೊಡ ತುಂಬಲು ಹೆಚ್ಚು ಕಡಿಮೆ ಅರ್ಧ ತಾಸು. ಗಡಿಯಾರ ಬೇಡ. ಮೊದಲು ದಪ್ಪ ದನಿ. ನೀರು ಏರಿದ ಹಾಗೆ ಒಳಗಿನ ಗಾಳಿಯ ಜಾಗ ಕಡಿಮೆ ಆಗಿ ದನಿ ಸಣ್ಣಗಾಗುತ್ತಾ ಹೋಗುತ್ತದೆ. ಕಂಠದ ಹತ್ತಿರ ಬಂದಾಗಂತೂ ಬೇಗ ಬೇಗ ಏರುತ್ತದೆ. ಅಷ್ಟರಲ್ಲಿ ಸಾಲು ಮುಗಿಸಬೇಕು, ಇಲ್ಲದಿದ್ದರೆ ನೀರು ಚೆಲ್ಲಿ ಬೈಗುಳ.

ಮೊದಲ ದಿನ ಆರು ಸಾಲು. ಮೂರನೆಯ ದಿನ ಒಂದು ಪುಟ. ಈಗ ಮೂರು ವಾರವಾಯಿತು, ಎರಡು ದಿನ ಮಾತ್ರ ತಪ್ಪಿದೆ. ಒಮ್ಮೆ ಕರೆಂಟ್ ಇರಲಿಲ್ಲ, ಟ್ಯಾಂಕು ಖಾಲಿ. ಇನ್ನೊಮ್ಮೆ ನಿನ್ನ ಸೋದರತ್ತೆ ಬಂದಿದ್ದಳು. ಕೊಡದ ನೀರು ವ್ಯರ್ಥವಿಲ್ಲ, ಅದೇ ಬಟ್ಟೆ ನೆನೆಸಲು. ನಿಮ್ಮವ್ವ ಮೊದಲು ಹುಚ್ಚು ಅಂದಳು. ಈಗ ತಾನೇ ಕೊಡ ತೊಳೆದು ಇಡುತ್ತಾಳೆ, ಬಾಯಿಬಿಟ್ಟು ಏನೂ ಹೇಳುವುದಿಲ್ಲ.

ಬರಹ ಮಾತ್ರ ಬದಲಾಗಿದೆ. ಇಲ್ಲಿ ಗಂಜಿನ ಸುದ್ದಿ ಬರುವುದಿಲ್ಲ. ಎದುರಿನ ಸೈಟಿನಲ್ಲಿ ಮನೆ ಕಟ್ಟುವವರು ಬೆಳಗಾಗುವ ಮೊದಲೇ ಒಲೆ ಹಚ್ಚಿ ರೊಟ್ಟಿ ಬಡಿಯುತ್ತಾರೆ, ಆ ಸದ್ದಿನ ಬಗ್ಗೆ ಬರೆದೆ. ಖಾಲಿ ಸೈಟುಗಳ ಕರಿ ಮಣ್ಣು ಮೊದಲ ಮಳೆಗೆ ಚಪ್ಪಲಿ ಕಿತ್ತುಕೊಂಡದ್ದನ್ನು ಬರೆದೆ. ಹಳೆ ನೋಟ್‌ಬುಕ್ಕಿನ ಪೆಟ್ಟಿಗೆ ಇನ್ನೂ ಬಿಚ್ಚಿಲ್ಲ. ಬಿಚ್ಚಿದರೆ ಓದುತ್ತಾ ಕೂಡುತ್ತೇನೆ ಅಂತ ಭಯ.

ಮೇಜಿನ ವಿಷಯ ಹೇಳಲೇಬೇಕು. ಅದರ ಮೇಲೆ ಈಗ ಇಸ್ತ್ರಿ ನಡೆಯುತ್ತದೆ. ಕುರ್ಚಿ ಮಾತ್ರ ದಿನಾ ಹಿತ್ತಲಿಗೆ ಬರುತ್ತದೆ. ದುಡ್ಡು ಅರ್ಧ ವಸೂಲಾಯಿತು ಅಂದುಕೋ.

ಶೇಂಗಾ ಹಿಂಡಿ, ಅದೇ ಚಟ್ನಿ ಪುಡಿ, ಕಳಿಸಿದ್ದೇನೆ. ಹೋದ ಸಲದ ಸ್ಟೀಲ್ ಡಬ್ಬಿ ಬರುವಾಗ ತಾ, ನಿಮ್ಮವ್ವ ಲೆಕ್ಕ ಇಟ್ಟಿದ್ದಾಳೆ.

ನಿನ್ನ
ಅಪ್ಪ